ಸಂದಿ ಬಿಡದೆ ಹಚ್ಚಿದ ನೀಲಿ

ದಿಲೀಪನ ಗಿಟಾರಿನ ದನಿ ಹೋಗಿದೆ ಎಂಬುದು ಊರಿಗೆಲ್ಲ ತಿಳಿದ ಮೇಲೆ ಕೊನೆಗೆ ದಿಲೀಪನಿಗೆ ತಿಳಿಯಿತು ಎಂದು ಯಶವಂತನ ಹಾಡಿನ ಪಾರ್ಟಿಯವರು ಹೇಳಿಕೊಂಡು ನಗುತ್ತಾರೆ. ಶುದ್ಧ ಸುಳ್ಳು. ಎಲ್ಲರಿಗಿಂತ ಮೊದಲು ತಿಳಿದದ್ದು ಅವನಿಗೇ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ. ತನ್ನ ಹಲ್ಲು ಅಲ್ಲಾಡುತ್ತಿದೆ ಎಂದು ಯಾರಾದರೂ ಓಣಿಯಲ್ಲಿ ಸಾರಿಕೊಂಡು ತಿರುಗುತ್ತಾರೆಯೇ?

ದಿಲೀಪ ಕಲಬುರಗಿಯವನು. ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ‘ಉಸರು ಹಿಡೀರಿ, ಅಲ್ಲಾಡಬ್ಯಾಡ್ರಿ, ಹಾಂ, ಬಿಡ್ರಿ’ ಎಂದು ಹೇಳುವುದೇ ಅವನ ಮಾತುಕತೆ. ಆ ಕತ್ತಲು ಕೋಣೆಯಲ್ಲಿ ಅವನ ಹೆಸರು ಯಾರಿಗೂ ಬೇಕಿಲ್ಲ. ಮುರಿದ ಕೈ ಹಿಡಿದುಕೊಂಡು ಬಂದವರು ಅವನ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಅದರ ಬಗ್ಗೆ ಅವನಿಗೆ ದೂರೂ ಇಲ್ಲ. ಯಾಕೆಂದರೆ ಸಂಜೆಯಾದರೆ ಅವನು ಬೇರೆಯೇ ಮನುಷ್ಯ. ಯಶವಂತನ ಭೀಮಗೀತೆ ಪಾರ್ಟಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು.

ಯಶವಂತ ಹಗಲು ಶಾಲೆಯ ಮಾಸ್ತರ, ಸಂಜೆ ಹಾಡುಗಾರ. ಅವನ ಪಾರ್ಟಿಯಲ್ಲಿ ಢೋಲಕಿಯಿದೆ, ಕೀಬೋರ್ಡಿದೆ, ಕೋರಸ್ಸಿಗೆ ಹೆಣ್ಣುಮಕ್ಕಳಿದ್ದಾರೆ. ಆದರೆ ಪ್ರತಿ ಹಾಡೂ ಶುರುವಾಗುತ್ತಿದ್ದದ್ದು ದಿಲೀಪನ ಗಿಟಾರಿನಿಂದ. ಒಂದು ಉದ್ದನೆಯ ಎಳೆತ, ಅದರ ಬೆನ್ನಿಗೆ ಢೋಲಕಿ, ಆಮೇಲೆ ಯಶವಂತನ ಕಂಠ. ಮದುವೆಯಿರಲಿ, ಬುದ್ಧವಿಹಾರದ ಕಾರ್ಯಕ್ರಮವಿರಲಿ, ಏಪ್ರಿಲ್ಲಿನ ಬಾಬಾಸಾಹೇಬರ ಜಯಂತಿಯಿರಲಿ, ಆ ಎಳೆತ ಕೇಳಿದೊಡನೆ ಹಿಂದೆ ನಿಂತ ಹುಡುಗರು ಸಿಳ್ಳೆ ಹೊಡೆಯುತ್ತಿದ್ದರು. ಕಮಲಾಪುರದಲ್ಲಂತೂ ಅವನ ಹೆಸರೇ ‘ನೀಲಿ ಗಿಟಾರ್’. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ಆ ಎಳೆತವೇ ಸತ್ತುಹೋಯಿತು. ಒಂದೇ ದಿನಕ್ಕಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ. ತಂತಿ ಮೀಟಿದರೆ ಎದ್ದು ನಿಂತು ಹತ್ತು ಮನೆ ತಿರುಗಿ ಬರಬೇಕಾದ ಸ್ವರ, ಹುಟ್ಟಿದಲ್ಲೇ ‘ಟಪ್’ ಎಂದು ಕೂತುಬಿಡುತ್ತಿತ್ತು. ಶ್ರುತಿ ಸರಿ ಇದೆ, ಬೆರಳು ಸರಿ ಇದೆ, ತಂತಿ ಹೊಸದು. ಆದರೂ ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ. ಸೌಂಡು ಹೆಚ್ಚಿಸಿದರೆ ಆ ‘ಟಪ್’ ಇನ್ನೂ ದೊಡ್ಡ ‘ಟಪ್’ ಆಗುತ್ತಿತ್ತೇ ಹೊರತು ಅದಕ್ಕೆ ಜೀವ ಬರುತ್ತಿರಲಿಲ್ಲ.

ಹೋದ ವರ್ಷ ಒಂದು ಮದುವೆಯಲ್ಲಿ ಯಶವಂತ ಎಲ್ಲರ ಮುಂದೆ ಅಂದುಬಿಟ್ಟ: “ದಿಲ್ಯಾ, ಗಿಟಾರ್ ಹೊಡಿಯಾಕತ್ತೀಯೋ ಹಲಗಿ ಬಡಿಯಾಕತ್ತೀಯೋ?”

“ಗಿಟಾರಿನಾಗೇ ಏನೋ ಆಗ್ಯಾದ ಸರ್,” ಎಂದ ದಿಲೀಪ. ಗೆಳೆಯನೇ ಆದರೂ ವೇದಿಕೆಯ ಮೇಲೆ ಅವನು ಸರ್.

“ಕುಣಿಯಲಾರದಾಕಿಗೆ ನೆಲ ಡೊಂಕಂತ,” ಎಂದು ಯಶವಂತ ನಕ್ಕ. ಕೋರಸ್ಸಿನ ಹೆಣ್ಣುಮಕ್ಕಳೂ ನಕ್ಕರು. ಆಮೇಲೆ ದನಿ ತಗ್ಗಿಸಿ, “ನೋಡು, ಫೈಜಾನ್‌ನ ಕೀಬೋರ್ಡಿನಾಗ ಗಿಟಾರಿನ ಸೌಂಡೂ ಅದ. ಒಂದು ಗುಂಡಿ ಒತ್ತಿದ್ರ ಬರ್ತದ. ಆದ್ರೂ ನಾ ನಿನ್ನ ಬಿಟ್ಟಿಲ್ಲ. ಬರೋ ಕಮಲಾಪುರದ ಜಯಂತಿ ತನಕ ನೋಡ್ತೀನಿ. ಅಷ್ಟರಾಗ ಅದು ಮಾತಾಡ್ಬೇಕು,” ಎಂದ.

ಇದು ಬೆದರಿಕೆಯಲ್ಲ, ದಾಕ್ಷಿಣ್ಯ. ಬೆದರಿಕೆಯಾಗಿದ್ದರೆ ಜಗಳವಾಡಬಹುದಿತ್ತು. ಫೈಜಾನ್ ಮೇಲೂ ಸಿಟ್ಟು ಮಾಡುವ ಹಾಗಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಸಂಜೆ ಕೀಬೋರ್ಡಿನ ಮುಂದೆ ಕೂರುವ ಸಾಧು ಮನುಷ್ಯ ಅವನು. “ನಾ ಆ ಗುಂಡಿ ಒತ್ತಂಗಿಲ್ಲ ದಿಲೀಪಣ್ಣ, ನಿಮ್ಮದು ಸರಿಯಾಗ್ತದ,” ಎಂದು ಅವನೇ ಸಮಾಧಾನ ಮಾಡಿದ. ಆ ಸಮಾಧಾನದಿಂದ ದಿಲೀಪನಿಗೆ ಇನ್ನಷ್ಟು ಸಂಕಟವಾಯಿತು.

ಇನ್ನು ಈ ಗಿಟಾರಿಗೆ ಆದ ಚಿಕಿತ್ಸೆಗಳ ಕಥೆ ಕೇಳಿ. ಶಹಾಬಜಾರದ ಒಂದು ಸಣ್ಣ ಗಲ್ಲಿಯಲ್ಲಿ ಅಕ್ರಮ್ ಭಾಯಿಯ ಅಂಗಡಿ. ಗಿಟಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಡಿಸಿದವನೂ ಅವನೇ. ಮುರಿದುಬಿದ್ದ ಯಾವುದೋ ಕಾಲೇಜು ಬ್ಯಾಂಡಿನ ಸಾಮಾನು ಅದು. ಅಕ್ರಮ್ ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು. ಅವು ಸತ್ತ ಮೇಲೆ ಆಂಪ್ಲಿಫೈಯರಿಗೆ ಬಂದ, ಅಲ್ಲಿಂದ ಗಿಟಾರಿಗೆ ಬಂದ. ಒಳ್ಳೆಯ ಕೈ. ಆದರೆ ಹಳೆಯ ರೇಡಿಯೋದವನಿಗೆ ಲೋಕದ ಎಲ್ಲ ರೋಗವೂ ವೈರಿನಲ್ಲೇ ಕಾಣುತ್ತದೆ.

“ಪಿಕಪ್ ಹೋಗ್ಯಾವ ಭಾಯ್,” ಎಂದ ಮೊದಲ ಸಲ. ತಂತಿಯ ಕೆಳಗೆ ಕೂತು ಅದರ ನಡುಕವನ್ನು ಹಿಡಿದು ಕರೆಂಟು ಮಾಡುವ ಅಯಸ್ಕಾಂತದ ಪಟ್ಟಿಗೆ ಪಿಕಪ್ ಎನ್ನುತ್ತಾರೆ. ಹೊಸ ಪಿಕಪ್ ತರಿಸಿ ಹಾಕಿದ. ‘ಟಪ್.’ ಮುಂದಿನ ಸಲ ಒಳಗಿನ ವೈರುಗಳನ್ನೆಲ್ಲ ಬದಲಿಸಿದ. ‘ಟಪ್.’ ಆಮೇಲೆ ದನಿಯ ಗುಂಡಿಗಳು, ಆಮೇಲೆ ತಂತಿ ಕಟ್ಟುವ ಹಿತ್ತಾಳೆಯ ಪಟ್ಟಿ, ಆಮೇಲೆ ಇನ್ನೊಂದು ಜೊತೆ ಪಿಕಪ್, ಈ ಸಲ ಹೈದರಾಬಾದಿನಿಂದ. ಅಂಗಡಿಯಲ್ಲಿ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಕರೆಂಟ್ ಬರೋಬರಿ ಬರಾಕತ್ತದ,” ಎಂದ ಅಕ್ರಮ್, ಮೀಟರಿನ ಮುಳ್ಳು ತೋರಿಸಿ. “ಮುಳ್ಳು ನೋಡ್ರಿ. ದನಿಯ ಜಾನ್ ಎಲ್ಲಿ ಹೋಯ್ತು, ಖುದಾಗೇ ಮಾಲೂಮ್.”

ದಿನವೆಲ್ಲ ಮಂದಿಯ ಮೈಯೊಳಗಿನ ಎಲುಬು ನೋಡುವ ದಿಲೀಪನಿಗಾದರೂ ಗಿಟಾರನ್ನು ಪೂರ್ತಿ ಬಿಚ್ಚಿ ಒಳಗೇನಿದೆ ನೋಡೋಣ ಎಂಬ ಬುದ್ಧಿ ಬರಬಾರದಿತ್ತೇ? ಬರಲಿಲ್ಲ. ಪಿಕಪ್ ಹಾಕಲು ಎದುರಿನ ತಗಡು ತೆಗೆದರೆ ಸಾಕಾಗುತ್ತಿತ್ತು. ಬೆರಳು ಒತ್ತುವ ಉದ್ದನೆಯ ಕುತ್ತಿಗೆಯನ್ನು ರಿಪೇರಿಗೆಂದು ಯಾರೂ ಬಿಚ್ಚಲಿಲ್ಲ. ಯಾರೂ ಎಂದರೆ ಇವರಿಬ್ಬರೂ. ವರ್ಷಕ್ಕೊಮ್ಮೆ ಅದನ್ನು ಬಿಚ್ಚುವ ಮೂರನೆಯವರೊಬ್ಬರು ಮನೆಯಲ್ಲೇ ಇದ್ದರು.

ಅವರು ದಿಲೀಪನ ತಾಯಿ ಶೇವಂತಾಬಾಯಿ.

ಗಂಡ ಅಂಬಣ್ಣ ಕಲ್ಲಿನ ಗಣಿಯಲ್ಲಿ ದುಡಿದು ಎದೆ ಹಾಳುಮಾಡಿಕೊಂಡು ತೀರಿಕೊಂಡಾಗ ದಿಲೀಪ ಇನ್ನೂ ಶಾಲೆಯಲ್ಲಿದ್ದ. ಶೇವಂತಾಬಾಯಿ ದೌಲಪ್ಪ ಮೇಸ್ತ್ರಿಯ ಹತ್ತಿರ ಬಣ್ಣದ ಕೆಲಸಕ್ಕೆ ಸೇರಿದಳು. ಅಲ್ಲಿ ಹೆಂಗಸರು ಗೋಡೆ ಕೆರೆಯಬೇಕು, ಡಬ್ಬ ಹೊರಬೇಕು, ನೆಲ ಒರೆಸಬೇಕು. ಬ್ರಷ್ಷು ಗಂಡಸರ ಕೈಯಲ್ಲಿ. ಒಂದು ದಿನ ಪೇಂಟರ್ ಬರದಿದ್ದಾಗ ಇವಳು ಒಂದು ಕಿಟಕಿಗೆ ಬಣ್ಣ ಹಚ್ಚಿದಳು. ಎದುರಿಗಷ್ಟೇ ಅಲ್ಲ, ಗೋಡೆಗೆ ಅಂಟಿ ಕೂರುವ ಹಿಂಭಾಗಕ್ಕೂ, ತಿರುಗಣಿ ಬಿಚ್ಚಿ ಅದರ ಅಡಿಗೂ. ದೌಲಪ್ಪ ಬೆರಳು ಹಾಕಿ ನೋಡಿ ಸುಮ್ಮನೆ ಬ್ರಷ್ಷನ್ನು ಅವಳ ಕೈಗೆ ಕೊಟ್ಟ. ಅಂದಿನಿಂದ ಅವಳದು ಒಂದೇ ಮಾತು: “ಸಂದಿ ಬಿಡಬಾರದು. ಕಾಣಲಾರದ ಕಡಿ ಬಿಟ್ಟರ ಗೆದ್ದಲಾ ಅಲ್ಲಿಂದೇ ಬರ್ತಾವ. ಮ್ಯಾಲ ಥಳಕು, ಒಳಗ ಹುಳಕು ಆಗ್ತದ.”

ಜೇವರ್ಗಿ ಕಾಲೋನಿಯ ಎಷ್ಟೋ ಮನೆಗಳು ಅವಳ ಕೈಯಲ್ಲಿ ಬಣ್ಣ ಕಂಡವು. ಆಟೋದಲ್ಲಿ ಹೋಗುವಾಗ “ಆ ಮನಿ ನಂದು, ಈ ಬಾಗಲಾ ನಂದು,” ಎಂದು ತೋರಿಸುತ್ತಾಳೆ. ಒಡೆಯರು ಕೇಳಿಸಿಕೊಂಡರೆ ಕೋರ್ಟಿಗೆ ಹೋದಾರು! ಮಗ ಎಕ್ಸ್‌ರೇ ಕೋರ್ಸ್ ಓದಿದ್ದು ಆ ಬ್ರಷ್ಷಿನಿಂದ. ಈಗ ಮೊಣಕಾಲು ಹೋಗಿವೆ, ಏಣಿ ಹತ್ತಲಾಗುವುದಿಲ್ಲ. ಮೇಸ್ತ್ರಿಗಳು ಕರೆಯುವುದು ಬಿಟ್ಟು ಬಹಳ ದಿನವಾಯಿತು. ಉಳಿದಿರುವ ಕೆಲಸ ವರ್ಷಕ್ಕೊಮ್ಮೆ ಜಯಂತಿಯ ಮುಂಚೆ ಬರುತ್ತದೆ. ಆ ಹೊತ್ತಿಗೆ ಅವರ ಓಣಿಯಲ್ಲಿ ಮನೆಮನೆಗೂ ಸುಣ್ಣಬಣ್ಣ. ಶೇವಂತಾಬಾಯಿ ಕೂತಲ್ಲಿಂದಲೇ ಹಚ್ಚಬಹುದಾದ್ದನ್ನು ಹಚ್ಚುತ್ತಾಳೆ. ಹೊಸ್ತಿಲು, ತಗಡಿನ ಪೆಟ್ಟಿಗೆ, ಮತ್ತು ಗಿಟಾರು.

ಗಿಟಾರು ಮನೆಗೆ ಬಂದ ವರ್ಷ ಅದರ ಬಣ್ಣ ಹಳದಿಗಟ್ಟಿದ ಬಿಳುಪು, ಮೂಲೆಯಲ್ಲಿ ಬೀಡಿಯಿಂದ ಸುಟ್ಟ ಕಲೆ. “ಇದೇನೋ, ಬಚ್ಚಲಮನಿ ಬಾಗಲಾ ಹಿಡಕೊಂಡು ಬಂದೀಯಲ್ಲ! ಇದನ್ನ ಹಿಡಕೊಂಡು ಬಾಬಾಸಾಹೇಬರ ಹಾಡು ಹಾಡ್ತೀರೇನು? ಬಿಚ್ಚಿ ಕೊಡು,” ಎಂದಳು. ದಿಲೀಪನೇ ಕುತ್ತಿಗೆಯ ನಾಲ್ಕು ತಿರುಪು ಬಿಚ್ಚಿಕೊಟ್ಟ. ಅವಳು ಉಜ್ಜಿ, ನೀಲಿ ಎಣ್ಣೆಬಣ್ಣ ಹಚ್ಚಿ, ಒಣಗಿಸಿ ಕೊಟ್ಟಾಗ ಅದರಲ್ಲಿ ಮುಖ ಕಾಣುತ್ತಿತ್ತು. ಕಮಲಾಪುರದ ವೇದಿಕೆಯ ದೀಪದಲ್ಲಿ ಆ ನೀಲಿ ಹೊಳೆದಾಗ ಮಂದಿ ಹೋ ಎಂದರು. ಮರುವರ್ಷದಿಂದ ಅವಳೇ ಬಿಚ್ಚಿಕೊಂಡಳು, ಅವಳೇ ಕೂಡಿಸಿದಳು. ಮಗ ಡ್ಯೂಟಿಯಿಂದ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಗುಟ್ಟು ರಟ್ಟಾದದ್ದು ಈ ವರ್ಷ ಫೆಬ್ರವರಿಯಲ್ಲಿ. ಅಭ್ಯಾಸ ಮಾಡುತ್ತಿರುವಾಗ ಗಿಟಾರಿನ ಕುತ್ತಿಗೆ ಒಂದು ಕಡೆ ವಾಲಿ, ತಂತಿ ಪಟ್ಟಿಯಿಂದ ಜಾರಿ ಹೊರಗೆ ಬಂತು. ದಿಲೀಪ ಅದನ್ನು ಶಹಾಬಜಾರಕ್ಕೆ ಒಯ್ದ. ಅಕ್ರಮ್ ಮೊದಲ ಸಲ ಆ ನಾಲ್ಕು ತಿರುಪು ಬಿಚ್ಚಿದ. ಕುತ್ತಿಗೆ ಬರಲಿಲ್ಲ. ಅಲ್ಲಾಡಿಸಿ ಎಳೆದಾಗ ‘ಪಚಕ್’ ಎಂದು ಬಿಟ್ಟಿತು. ಕುತ್ತಿಗೆ ಕೂರುವ ಗುಳಿಯ ತುಂಬ ಬಣ್ಣ. ಒಂದರ ಮೇಲೊಂದು ಹಚ್ಚಿ ರೊಟ್ಟಿಯಷ್ಟು ದಪ್ಪವಾಗಿತ್ತು. ಗಾಳಿಯಾಡದ ಜಾಗದಲ್ಲಿ ಅದು ಪೂರ್ತಿ ಒಣಗಿಯೂ ಇರಲಿಲ್ಲ. ಅಕ್ರಮ್ ಉಗುರು ಒತ್ತಿದ, ಉಗುರು ಒಳಗಿಳಿಯಿತು.

“ಯಾ ಅಲ್ಲಾ,” ಎಂದ ಅಕ್ರಮ್. “ಕಟಿಗಿಗೆ ಕಟಿಗಿ ತಾಗಬೇಕು ಭಾಯ್. ತಾಗಿದ್ರ ತಾರ ನಡುಗಿದ್ದು ಮೈತುಂಬ ಹೋಗ್ತದ, ತಿರುಗಿ ಬರ್ತದ. ಇಲ್ಲಿ ನಡುವ ಗಾದಿ ಹಾಸ್ಯಾರ. ಆವಾಜ್ ಬಂದು ಗಾದಿ ಮ್ಯಾಲ ಮಲಗಾಕತ್ತದ. ಯಾರು ಮಾಡ್ಯಾರ ಇದು?”

ದಿಲೀಪ ಬಗ್ಗಿ ನೋಡಿದ. ಬ್ರಷ್ಷಿನ ಗುರುತು ಕಾಣುತ್ತಿತ್ತು. ಮೂಲೆಯಲ್ಲಿ ಎಲ್ಲೂ ಒಂದು ಚುಕ್ಕೆ ಬಿಟ್ಟಿರಲಿಲ್ಲ.

“ನಮ್ಮವ್ವ,” ಎಂದ.

ಅಕ್ರಮ್ ತಲೆಯ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ. “ಕಾಮ್ ಮಾತ್ರ ಪಕ್ಕಾ ಮಾಡ್ಯಾರ,” ಎಂದ. ಅದು ಹೊಗಳಿಕೆಯೇ. “ನಾನೂ ಗಧಾ. ಇಷ್ಟು ವರ್ಷ ವೈರ್ ವೈರ್ ಅಂತ ಸತ್ತೆ.”

ಕೆರೆಯುವ ಕೆಲಸ ಸುಲಭದ್ದಾಗಿರಲಿಲ್ಲ. ಮರ ಎಣ್ಣೆ ಕುಡಿದು ಮೆತ್ತಗಾಗಿತ್ತು, ಬಣ್ಣದ ಜೊತೆ ಮರವೂ ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು. ಅಕ್ರಮ್ ವಾರವಿಡೀ ಕೂತು ಕೆರೆದ. ಹೊರಗಿನ ನೀಲಿಯನ್ನು ಮುಟ್ಟಲಿಲ್ಲ, ಒಳಗಿನದಷ್ಟೇ. ಕೊಡುವಾಗ ಎಚ್ಚರಿಸಿದ: “ಇನ್ನೊಮ್ಮೆ ಕೆರಿಯಾಕ ಇದರಾಗ ಕಟಿಗಿ ಉಳಿದಿಲ್ಲ. ಇದೇ ಆಖರಿ. ಒಳಗ ಏನೂ ಹಚ್ಚಬಾರದು. ಅಮ್ಮಾಗ ಹೇಳ್ರಿ, ಹಾಥ್ ಜೋಡಿಸಿ ಹೇಳೀನಂತ ಹೇಳ್ರಿ.”

ಆಂಪ್ಲಿಫೈಯರಿಗೆ ಸಿಕ್ಕಿಸಿ ದಿಲೀಪ ಒಂದೇ ಒಂದು ತಂತಿ ಮೀಟಿದ. ಸ್ವರ ಎದ್ದಿತು, ನಿಂತಿತು, ನಿಂತೇ ಇತ್ತು. ಅವನು ಬೆರಳು ಅಲ್ಲಾಡಿಸಲಿಲ್ಲ, ಅಲ್ಲಾಡಿಸಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು. ಎದುರಿನ ಅತ್ತರಿನ ಅಂಗಡಿಯವನು ಹೊರಗೆ ಬಂದು ನಿಂತ. ಇಷ್ಟು ವರ್ಷ ತನ್ನ ಬೆರಳೇ ಹಾಳಾಗಿವೆ ಎಂದು ಒಳಗೊಳಗೇ ಕೊರಗಿದ ಮನುಷ್ಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಅಕ್ರಮ್ ಚಹಾ ತರಿಸಿದ.

ಮುಂದಿನ ಅಭ್ಯಾಸದಲ್ಲಿ ಆ ಎಳೆತ ಕೇಳಿದ ಯಶವಂತ ಹಾಡುವುದನ್ನೇ ಮರೆತ. “ಎಲ್ಲಿ ಹೋಗಿತ್ತೋ ಇದು?” ಎಂದು ಬೆನ್ನಿಗೊಂದು ಗುದ್ದು ಕೊಟ್ಟ. “ಕಮಲಾಪುರದಾಗ ನೀನೇ ಮುಂದ. ಬ್ಯಾನರಿನಾಗ ನಿನ್ನ ಫೋಟೋ ಹಾಕಸ್ತೀನಿ.” ಫೈಜಾನ್ ಎದ್ದುಬಂದು ಅಪ್ಪಿಕೊಂಡ.

ಇಷ್ಟಾದ ಮೇಲೆ ಉಳಿದದ್ದು ಒಂದೇ ಮಾತು. ತಾಯಿಗೆ ಹೇಳುವುದು. ‘ಯವ್ವಾ, ಗಿಟಾರಿಗೆ ಬಣ್ಣ ಹಚ್ಚಬ್ಯಾಡ.’ ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ದಿಲೀಪನಿಗೆ ಮಾರ್ಚ್ ತಿಂಗಳು ಪೂರ್ತಿ ಸಾಲಲಿಲ್ಲ. ಬಿಸಿತುಪ್ಪ ಬಾಯಿಯಲ್ಲಿಟ್ಟುಕೊಂಡವನ ಹಾಗೆ, ಉಗುಳಲೂ ಆಗದು ನುಂಗಲೂ ಆಗದು.

“ಹೇಳ್ರಿ ಅವರಿಗೆ,” ಎಂದಳು ಹೆಂಡತಿ ಪಂಚಶೀಲಾ. “ಹೊರಗ ಹಚ್ಚು, ಒಳಗ ಬ್ಯಾಡ ಅನ್ರಿ. ಅದ್ರಾಗೇನದ?”

“ಒಳಗ ಬ್ಯಾಡ ಅಂದ್ರ ಯಾಕ ಅಂತ ಕೇಳ್ತಾಳ. ನೀ ಹಚ್ಚಿದ್ದಕ್ಕೇ ದನಿ ಸತ್ತದ ಅಂತ ಹೆಂಗ ಹೇಳ್ಲಿ?”

“ಹಂಗಾದ್ರ ಸುಳ್ಳು ಹೇಳ್ರಿ.”

“ನೀನೇ ಹೇಳು.”

“ನಾ ಒಲ್ಲೆಪಾ. ಸೊಸಿ ಹೇಳಿದ್ರ ಬ್ಯಾರೆನೇ ಆಗ್ತದ,” ಎಂದು ಅವಳು ಕೈ ತೊಳೆದುಕೊಂಡಳು. ಅವಳದೇನೂ ತಪ್ಪಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ದಿಲೀಪ ಧೈರ್ಯ ಮಾಡಿದ. “ಈ ವರ್ಷ ಗಿಟಾರಿಗೆ ಬಣ್ಣ ಬ್ಯಾಡ ಬಿಡು ಬೆ ಯವ್ವಾ. ನಿನ್ನ ಮಣಕಾಲು ನೋಯ್ತಾವ.”

“ಬಣ್ಣ ಮಣಕಾಲಿಲೆ ಹಚ್ಚತಾರೇನೋ? ಕೈಲೆ ಹಚ್ಚತಾರ,” ಎಂದಳು ಶೇವಂತಾಬಾಯಿ. ಆಮೇಲೆ ರೊಟ್ಟಿ ಮುರಿಯುತ್ತ, ಮಗನನ್ನು ನೋಡದೆ, “ಅದೊಂದು ಉಳದದ. ಅದೂ ಬ್ಯಾಡಂದ್ರ ನಾ ಜಯಂತಿಗೆ ಏನು ಮಾಡಬೇಕು? ಕುಂತು ಉಣ್ಣಬೇಕೇನು?” ಎಂದಳು.

ದಿಲೀಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆ ರಾತ್ರಿ ಗಿಟಾರನ್ನು ಚಾದರದಲ್ಲಿ ಸುತ್ತಿ ಕಪಾಟಿನ ಮೇಲೆ, ಅವಳ ಕೈಗೆ ಎಟುಕದಲ್ಲಿ ಇಟ್ಟ. ಅಷ್ಟು ಮಾಡಿದರೆ ಸಾಕೆಂದು ಅವನಿಗೆ ತೋರಿತು. ಹೇಳಲಾರದವರು ಮಾಡುವ ಉಪಾಯಗಳೆಲ್ಲ ಇಂಥವೇ.

ಜಯಂತಿ ಇನ್ನೆರಡು ದಿನವಿದೆ ಎನ್ನುವಾಗ ಆಸ್ಪತ್ರೆಯಲ್ಲಿ ಜೊತೆಯವನೊಬ್ಬ ರಜೆ ಹಾಕಿ, ದಿಲೀಪನಿಗೆ ಎರಡು ಪಾಳಿ ಬಿತ್ತು. ಮರುದಿನ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಓಣಿಗೆ ಕಾಲಿಟ್ಟವನಿಗೆ ದೂರದಿಂದಲೇ ಕಂಡಿತು. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೆ ಗಿಟಾರಿನ ಮೈ ನೇತಾಡುತ್ತಿತ್ತು. ಹಸಿ ನೀಲಿ, ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುವಂತೆ. ಕುತ್ತಿಗೆ ಬೇರೆ, ಮೈ ಬೇರೆ. ಪಕ್ಕದ ಮನೆಯವರಿಂದ ಕಪಾಟಿನ ಮೇಲಿನದನ್ನು ಇಳಿಸಿಕೊಂಡಿದ್ದಳಂತೆ. ಪಂಚಶೀಲಾ ರಾತ್ರಿ ಪಾಳಿಯ ಕೆಲಸಕ್ಕೆ ಹೋಗಿದ್ದಾಗ.

ಶೇವಂತಾಬಾಯಿ ಮಣೆಯ ಮೇಲೆ ಕೂತು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಳು. ಮುಖದಲ್ಲಿ ಗೆದ್ದ ಕಳೆ.

“ಬಂದೇನೋ? ನಿನ್ನ ಗಿಟಾರಿನ ರೋಗ ನಾ ಹಿಡದೆ,” ಎಂದಳು. “ಒಳಗ ಬಿಚ್ಚಿ ನೋಡತೀನಿ, ಯಾವನೋ ಬಣ್ಣ ಎಲ್ಲ ಕೆರದು ಕಟಿಗಿ ಬೋಳು ಮಾಡಿಟ್ಟಾನ! ದನಿ ಹೋಗ್ಲಾರದ ಏನಾಗ್ತದ? ಎಷ್ಟು ವರ್ಷದಿಂದ ದನಿ ಇಲ್ಲ, ದನಿ ಇಲ್ಲ ಅಂತ ನೀ ಒದ್ದಾಡಾಕತ್ತಿದ್ದಿ, ನಾ ಕೇಳಿಲ್ಲೇನು? ಆ ಅಂಗಡಿಯವ್ನ ಕೆಲಸಾನೇ ಇದು. ಗುಳಿಯಾಗ ಲಪ್ಪಾ ತುಂಬಿ ಸಾಪ ಮಾಡೀನಿ, ಪ್ರೈಮರ್ ಹೊಡದೀನಿ, ಮ್ಯಾಲ ಎರಡು ಕೋಟ್ ಹಚ್ಚೀನಿ. ಇನ್ನ ಹೆಂಗ ನುಡಿಯಂಗಿಲ್ಲ ನೋಡೂಣು.”

ಲಪ್ಪವೆಂದರೆ ಗೋಡೆಯ ತೂತು ಮುಚ್ಚುವ ಪುಟ್ಟಿ. ದಿಲೀಪ ಹತ್ತಿರ ಹೋಗಿ ನೋಡಿದ. ಅಕ್ರಮ್ ವಾರವಿಡೀ ಕೆರೆದು ಹಸನು ಮಾಡಿದ್ದ ಗುಳಿ ತುಂಬಿ, ನುಣ್ಣಗೆ, ನೀಲಿಯಾಗಿ ಹೊಳೆಯುತ್ತಿತ್ತು. ಹೊಸ್ತಿಲ ಮೇಲೆ ಕೂರಲು ಹೋದ.

“ಏ, ಹಸಿ ಅದ, ಅಲ್ಲಿ ಕುಂದ್ರಬ್ಯಾಡ!” ಎಂದು ಅವಳು ಕೂಗಿದಳು.

ಕೂಗಿಬಿಡಬೇಕು ಅನಿಸಿತು ಅವನಿಗೆ. ಯಾರ ಮೇಲೆ? ಅವಳ ಬೆರಳ ಸಂದಿಯಲ್ಲೆಲ್ಲ ನೀಲಿ ಮೆತ್ತಿತ್ತು. ಗಿಟಾರಿನ ಮೇಲೆ ಮಾತ್ರ ಬಣ್ಣದ ಅಂಚು ಒಂದಿಷ್ಟೂ ಆಚೀಚೆ ಆಗಿರಲಿಲ್ಲ. ಅವನಿಗಾಗಿಯೇ ಮಾಡಿದ್ದು, ಅವನ ಒದ್ದಾಟ ನೋಡಲಾರದೆ ಮಾಡಿದ್ದು. ತಾನು ಬಾಯಿ ಬಿಟ್ಟಿದ್ದರೆ ಇದಾಗುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

“ಛಂದ ಆಗೇದ ಬೆ,” ಎಂದ.

ಅಕ್ರಮ್‌ಗೆ ಫೋನ್ ಮಾಡಿದ. ಅವನು, “ಇನ್ನ ಕೆರದ್ರ ಕುತ್ತಿಗಿ ನಿಂದ್ರಂಗಿಲ್ಲ ಭಾಯ್. ಮುಗೀತು. ನನ್ನ ಅಂಗಡಿಯಾಗ ಕರೀದೊಂದು ಅದ, ಒಯ್ಯಿರಿ. ಕಿರಾಯಿ ಏನೂ ಬ್ಯಾಡ,” ಎಂದ. ದಿಲೀಪ ಸಂಜೆ ಮನೆಯಲ್ಲಿ ಆ ಮಾತು ತೆಗೆದ, ಬಣ್ಣ ಇನ್ನೂ ಹಸಿ ಇದೆಯಲ್ಲ, ಈ ಸಲ ಬೇರೆ ಗಿಟಾರ್ ಒಯ್ಯಲೇ ಎಂದು.

“ನಾ ರಾತ್ರಿಯೆಲ್ಲ ಕುಂತು ಹಚ್ಚಿದ್ದು ಮನ್ಯಾಗಿಟ್ಟು?” ಎಂದಳು ಶೇವಂತಾಬಾಯಿ. ಸಿಟ್ಟಿನಿಂದಲ್ಲ. ಅರ್ಥವಾಗದೆ. ಅಲ್ಲಿಗೆ ಕರಿ ಗಿಟಾರಿನ ಮಾತು ಮುಗಿಯಿತು.

ಕಮಲಾಪುರ ಅವಳ ತವರು. ಪ್ರತಿ ಜಯಂತಿಗೂ ಪಾರ್ಟಿಯ ಗಾಡಿಯಲ್ಲೇ ಬರುತ್ತಾಳೆ, ಈ ಸಲವೂ ಬಂದಳು. ಗಿಟಾರನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಬಣ್ಣಕ್ಕೆ ಗೀರು ಬಿದ್ದೀತೆಂದು. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಕೆಂಪು ಬಾಳೆಗೊನೆಗಳನ್ನು ಕಟ್ಟಿದ ಅಂಗಡಿಗಳು, ಅವುಗಳ ನೆತ್ತಿಯ ಮೇಲೆಲ್ಲ ನೀಲಿ ಬಾವುಟ. ವೇದಿಕೆಯ ಪಕ್ಕದಲ್ಲಿ ಬ್ಯಾನರು. ಅದರಲ್ಲಿ ಯಶವಂತನಿಗಿಂತ ದೊಡ್ಡದಾಗಿ ದಿಲೀಪ ಮತ್ತು ಗಿಟಾರು.

ಹೊತ್ತು ಮುಳುಗುವ ಮುಂಚೆ ಸೌಂಡ್ ನೋಡಲು ದಿಲೀಪ ವೈರು ಸಿಕ್ಕಿಸಿ ಮೀಟಿದ. ‘ಟಪ್.’

ಮೈಕಿನ ಎತ್ತರ ಸರಿಮಾಡುತ್ತಿದ್ದ ಯಶವಂತ ತಿರುಗಿ ನೋಡಿದ. “ಏನೋ ಇದು?”

“ಅವ್ವ ಬಣ್ಣ ಹಚ್ಚ್ಯಾಳ,” ಎಂದ ದಿಲೀಪ. ಒಳಗೆ ಹಚ್ಚಿದ್ದನ್ನು, ಕೆರೆದದ್ದನ್ನು, ಮತ್ತೆ ತುಂಬಿದ್ದನ್ನು ಹೇಳಿದ. ಯಶವಂತ ಕೆಳಗೆ ನೋಡಿದ. ಮೊದಲ ಸಾಲಿನ ಕುರ್ಚಿಯಲ್ಲಿ ಶೇವಂತಾಬಾಯಿ ಬಿಳಿ ಸೀರೆಯುಟ್ಟು ಕೂತಿದ್ದಳು, ಉಗುರಿನ ಸುತ್ತ ನೀಲಿ. ಅವಳ ಕೈಯ ರೊಟ್ಟಿ ಯಶವಂತನೂ ಎಷ್ಟೋ ಸಲ ಉಂಡವನೇ.

ಯಶವಂತ ಏನೂ ಬೈಯಲಿಲ್ಲ. ಬಗ್ಗಿ ಗಿಟಾರಿನ ವೈರನ್ನು ಆಂಪ್ಲಿಫೈಯರಿನಿಂದ ಕಿತ್ತು, ಅದರ ತುದಿಯನ್ನು ಹಿಂದಿನ ಪರದೆಯ ಅಡಿಗೆ ಸರಿಸಿದ. “ನಿಂದ್ರು. ಕೈ ಆಡಸ್ಕೋತ ಇರು. ಫೈಜಾನ್ ನೋಡ್ಕೋತಾನ,” ಎಂದ. ಫೈಜಾನ್ ತಲೆ ತಗ್ಗಿಸಿ ಆ ಗುಂಡಿ ಒತ್ತಿದ. ತಾನು ಒತ್ತುವುದಿಲ್ಲ ಎಂದವನು ಅವನೇ. ಪಾಪ, ಅವನಾದರೂ ಏನು ಮಾಡಬೇಕು?

ಹಾಡು ಶುರುವಾಯಿತು. ಉದ್ದನೆಯ ಎಳೆತ ಎದ್ದಿತು, ಸ್ಪೀಕರುಗಳಿಂದ, ಕೀಬೋರ್ಡಿನಿಂದ, ಒಂದು ಕೂದಲೂ ತಪ್ಪದೆ. ಹಿಂದೆ ನಿಂತ ಹುಡುಗರು ಸಿಳ್ಳೆ ಹೊಡೆದರು. “ನೀಲಿ ಗಿಟಾರ್!” ಎಂದು ಯಾರೋ ಕೂಗಿದರು. ದಿಲೀಪ ವೇದಿಕೆಯ ಮುಂಭಾಗದಲ್ಲಿ ದೀಪದ ಕೆಳಗೆ ನಿಂತು ನುಡಿಸಿದ. ಸುಮ್ಮನೆ ಕೈ ಆಡಿಸಬಹುದಿತ್ತು, ಆಡಿಸಲಿಲ್ಲ. ಪ್ರತಿ ಸ್ವರವನ್ನೂ ಅದರದರ ಜಾಗದಲ್ಲೇ ಒತ್ತಿ ಮೀಟಿದ. ಅವನ ಬೆರಳ ಕೆಳಗೆ ಏಳುತ್ತಿದ್ದ ಸಣ್ಣ ‘ಟಪ್ ಟಪ್’ ಅವನೊಬ್ಬನಿಗೇ ಕೇಳುತ್ತಿತ್ತು. ಇನ್ನು ಮುಂದೆ ಈ ಪಾರ್ಟಿಯಲ್ಲಿ ತನ್ನ ಕೆಲಸ ಇಷ್ಟೇ, ಹೊಳೆಯುವ ಬಣ್ಣವನ್ನು ಕುತ್ತಿಗೆಗೆ ಹಾಕಿಕೊಂಡು ನಿಲ್ಲುವುದು ಎಂದು ಅವನಿಗೆ ತಿಳಿದುಹೋಯಿತು. ಅದಕ್ಕೂ ಬರುವ ವರ್ಷ ಯಾರು ಕರೆಯುತ್ತಾರೋ.

ಕಾರ್ಯಕ್ರಮ ಮುಗಿದು ಅವನು ಕೆಳಗಿಳಿದು ಬಂದಾಗ ಶೇವಂತಾಬಾಯಿ ಕುರ್ಚಿ ಹಿಡಿದುಕೊಂಡು ಎದ್ದು ನಿಂತಿದ್ದಳು. ಪಕ್ಕದಲ್ಲಿದ್ದ ತವರಿನ ಹೆಣ್ಣುಮಕ್ಕಳಿಗೆಲ್ಲ ಗಿಟಾರು ಸರಿಮಾಡಿದ್ದು ತಾನೇ ಎಂದು ಆಗಲೇ ಹೇಳಿ ಮುಗಿಸಿದ್ದಳು, ಅದು ಕಣ್ಣಲ್ಲೇ ಕಾಣುತ್ತಿತ್ತು. ಎರಡೂ ಕೈಯಿಂದ ಮಗನ ಕೆನ್ನೆ ಸವರಿ ನೆಟಿಗೆ ಮುರಿದಳು.

“ನೋಡಿದಿ? ಹೆಂಗ ನುಡೀತು ನೋಡಿದಿ?” ಎಂದಳು. ಅವಳ ಕಣ್ಣು ತುಂಬಿದ್ದವು. “ಇಷ್ಟು ವರ್ಷ ನಾ ಒಳಗ ತೆಳ್ಳಗ ಹಚ್ಚಾಕತ್ತಿದ್ದೆ. ಅದೇ ತಪ್ಪಾಗಿತ್ತು ತಮ್ಮಾ. ಬರೋ ವರ್ಷ ಮೂರು ಕೋಟ್ ಹಚ್ಚತೀನಿ.”

“ಹಚ್ಚು ಬೆ,” ಎಂದ ದಿಲೀಪ.